ಅರ್ಧ ತಾಲ್ಲೂಕಿಗೆ ನೆಟ್ ಹೋದಾಗ ಸಪೋರ್ಟ್ ಡೆಸ್ಕ್ ಏನು ಮಾಡಬೇಕು, ಏನು ಹೇಳಬೇಕು?

ಮಡಿಕೇರಿ_ಡೆಸ್ಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಸಣ್ಣ ಬ್ರಾಡ್‌ಬ್ಯಾಂಡ್ ಸಂಸ್ಥೆಯೊಂದರಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ. ಪಾಳಿಗೆ ಮೂರು ಜನ ಇರುತ್ತೇವೆ. ಗ್ರಾಹಕರು ಮಡಿಕೇರಿ ಪೇಟೆ, ಮಕ್ಕಂದೂರು, ಮಾದಾಪುರ, ಸುಂಟಿಕೊಪ್ಪ, ಈ ಕಡೆ ಮೂರ್ನಾಡು, ನಾಪೋಕ್ಲು ತನಕ ಇದ್ದಾರೆ. ತೋಟದ ಮನೆಗಳು, ಹೋಂಸ್ಟೇಗಳು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಜಾಸ್ತಿ.

ಒಬ್ಬರ ಮನೆಯ ಲೈನ್ ಹೋದರೆ ಏನು ಮಾಡಬೇಕೆಂದು ಗೊತ್ತಿದೆ. ಮಳೆಗಾಲದಲ್ಲಿ ಮರ ಬಿದ್ದು ಮೇನ್ ಫೈಬರ್ ತುಂಡಾದರೆ ಮಾತ್ರ ಎಲ್ಲ ಕಡೆಯಿಂದ ಒಟ್ಟಿಗೇ ಫೋನ್ ಬರುತ್ತದೆ, ಫೀಲ್ಡ್‌ನವರಿಂದ ಸುದ್ದಿ ಬರುವುದಿಲ್ಲ. ಆಗ ಮೊದಲ ಹತ್ತು ನಿಮಿಷದಲ್ಲಿ ಏನನ್ನು ನೋಡಬೇಕು? ಗ್ರಾಹಕರಿಗೆ ಯಾವ ಮಾತು ಹೇಳಬೇಕು, ಯಾವುದನ್ನು ಹೇಳಬಾರದು? ಮೂರೇ ಜನ ಇಷ್ಟು ಕರೆಗಳನ್ನು ಹೇಗೆ ನಿಭಾಯಿಸುವುದು? ಅನುಭವ ಇರುವವರು ವಿವರವಾಗಿ ಬರೆದರೆ ಪಾಳಿಯ ಹುಡುಗರಿಗೆ ಪ್ರಿಂಟ್ ಹಾಕಿ ಕೊಡಬೇಕೆಂದಿದ್ದೇನೆ.

ನಾಕ್_ಗೋಣಿಕೊಪ್ಪ

ಮೊದಲ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡುತ್ತೇನೆ.

ಫೋನ್ ಎತ್ತುವ ಮೊದಲು ಓಎಲ್‌ಟಿಯ (ನಿಮ್ಮ ಸಂಸ್ಥೆಯ ಕಡೆ ಮನೆಗಳ ಫೈಬರ್ ಬಂದು ಸೇರುವ ಯಂತ್ರ) ಅಲಾರಂ ಪುಟ ತೆರೆಯಿರಿ. ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದೂ ಫೈಬರ್ ತುಂಡಾಗುವುದೂ ಒಂದೇ ಮರದಿಂದ, ಒಂದೇ ಹೊತ್ತಿಗೆ ಆಗುವುದುಂಟು. ಎರಡನ್ನೂ ಬೇರೆ ಮಾಡದೆ ಗ್ರಾಹಕರಿಗೆ ಏನು ಹೇಳಿದರೂ ತಪ್ಪಾಗುತ್ತದೆ. ಬೇರೆ ಮಾಡುವುದು ಕಷ್ಟವೇನಲ್ಲ. ಮನೆಯ ಓಎನ್‌ಟಿಗೆ (ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ) ಕರೆಂಟ್ ಹೋದರೆ ಅದು ಆರಿಹೋಗುವ ಮುಂಚೆ ಓಎಲ್‌ಟಿಗೆ ‘ಡೈಯಿಂಗ್ ಗ್ಯಾಸ್ಪ್’ ಅನ್ನುವ ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಅದನ್ನು ಕಳಿಸಲು ದಾರಿಯೇ ಇರುವುದಿಲ್ಲ, ಬರೀ ಲಾಸ್ ಆಫ್ ಸಿಗ್ನಲ್ (ಎಲ್‌ಓಎಸ್, ಸಿಗ್ನಲ್ ಇಲ್ಲ) ಕಾಣುತ್ತದೆ. ಹಾಗಾಗಿ ಹೀಗೆ ಓದಿ:

ಒಂದು ಪಾನ್ ಪೋರ್ಟ್‌ನ (ಓಎಲ್‌ಟಿಯಿಂದ ಒಂದು ಫೈಬರ್ ಹೊರಡುವ ಕಿಂಡಿ) ಎಲ್ಲ ಓಎನ್‌ಟಿಗಳೂ ಒಂದೇ ಸೆಕೆಂಡಿಗೆ ಗ್ಯಾಸ್ಪ್ ಇಲ್ಲದೆ ಹೋಗಿದ್ದರೆ ಆ ಪೋರ್ಟ್‌ನ ಫೀಡರ್, ಅಂದರೆ ಹಲವು ಮನೆಗಳಿಗೆ ಹೋಗುವ ಮುಖ್ಯ ಫೈಬರ್, ತುಂಡಾಗಿದೆ. ಹೆಚ್ಚಿನವು ಗ್ಯಾಸ್ಪ್ ಕಳಿಸಿ ಹೋಗಿದ್ದರೆ ಅದು ಕರೆಂಟ್. ಆಗ ಹೋಗದೆ ಉಳಿದ ಬೆರಳೆಣಿಕೆಯ ಮನೆಗಳು ಇನ್ವರ್ಟರ್ ಇರುವವು. ಎಂಟೋ ಹದಿನಾರೋ ಮನೆಗಳು ಮಾತ್ರ ಒಟ್ಟಿಗೆ ಹೋಗಿದ್ದರೆ ಸ್ಪ್ಲಿಟರ್ ಪೆಟ್ಟಿಗೆಯ (ಒಂದು ಫೈಬರನ್ನು ಹಲವು ಮನೆಗೆ ಹಂಚುವುದು) ಹತ್ತಿರ ನೋಡಬೇಕು. ಒಂದೇ ಮನೆಯಾದರೆ ಡ್ರಾಪ್ ಕೇಬಲ್, ಅಂದರೆ ಕಂಬದಿಂದ ಮನೆಗೆ ಬರುವ ಕೇಬಲ್. ಇನ್ನೊಂದು ಸಂದರ್ಭ ಜನರನ್ನು ತುಂಬಾ ಗೊಂದಲಕ್ಕೆ ಹಾಕುತ್ತದೆ: ಎಲ್ಲ ಓಎನ್‌ಟಿಗಳೂ ಆನ್‌ಲೈನ್, ಪಾನ್ ದೀಪ ಹಸಿರು, ಆದರೂ ನೆಟ್ ಇಲ್ಲ. ಅದು ನಿಮ್ಮ ಅಪ್‌ಲಿಂಕ್ (ನಿಮ್ಮ ಸಂಸ್ಥೆಗೆ ಹೊರಗಿನಿಂದ ನೆಟ್ ಬರುವ ಲೈನ್) ಹೋದದ್ದು, ಅಂದರೆ ಕುಶಾಲನಗರದ ಕಡೆಯೋ ಅದರಾಚೆ ಮೈಸೂರಿನ ಕಡೆಯೋ ತುಂಡಾಗಿದೆ. ಗ್ರಾಹಕರು ‘ಲೈಟೆಲ್ಲಾ ಸರಿಯಾಗೇ ಇದೆಯಲ್ಲಾ’ ಎಂದು ವಾದ ಮಾಡುವುದು ಇಂಥ ಹೊತ್ತಲ್ಲೇ, ಮತ್ತು ಅವರು ಹೇಳುತ್ತಿರುವುದು ನಿಜ. ಎಲ್‌ಓಎಸ್ ಕೆಂಪು ದೀಪ ಇದೆಯಾ ಎಂದು ಕೇಳಿ ರೂಟರ್ ರೀಸೆಟ್ ಮಾಡಿಸುತ್ತಾ ಕೂರಬೇಡಿ.

ಇಷ್ಟೆಲ್ಲಾ ಸರಿ ಇದ್ದೂ ಕರೆ ಬರುತ್ತಿದ್ದರೆ, ಹೋದದ್ದು ನೆಟ್ಟೋ ಒಂದು ಆ್ಯಪ್ಪೋ ನೋಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತವು. ನಿರ್ವಹಣೆ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ಬ್ಯಾಕ್‌ಬೋನ್ (ಒಳಗಿನ ಮುಖ್ಯ ಜಾಲ) ಕಡಿದುಹೋಗಿ, ಅವರ ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿ ಕೊಡುವ) ಸರ್ವರ್‌ಗಳಿಗೆ ಹೋಗುವ ಬಿಜಿಪಿ (ಇಂಟರ್ನೆಟ್‌ನ ದಾರಿಸೂಚಿ) ದಾರಿಗಳೇ ಇಲ್ಲವಾದವು. ವಾಟ್ಸಾಪ್ ಓಡದಿದ್ದರೆ ನೆಟ್ಟೇ ಇಲ್ಲ ಎಂದುಕೊಳ್ಳುವವರು ಬಹಳ. ಹಾಗಾಗಿ ಕರೆ ಮಾಡಿದವರಿಂದ ಬೇರೆ ಎರಡು ಸೈಟ್ ತೆರೆಸಿ. ಅವೂ ಬಾರದಿದ್ದರೆ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹೊಡೆಸಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ನೋಡಿ. ಪಿಂಗ್ ಹೋಗಿ ಸೈಟ್ ತೆರೆಯದಿದ್ದರೆ ತೊಂದರೆ ಹೆಚ್ಚಾಗಿ ನಿಮ್ಮದೇ ಡಿಎನ್‌ಎಸ್‌ನಲ್ಲಿ.

ಕರೆ_ಕೋಣೆ

ಏನು ಹೇಳಬೇಕು ಅನ್ನುವುದಕ್ಕೆ ನನ್ನದು.

ಮೂರು ಜನ ಇದ್ದರೆ ಇಬ್ಬರು ಮಾತ್ರ ಕರೆ ತೆಗೆದುಕೊಳ್ಳಬೇಕು. ಮೂರನೆಯವರು ಫೋನ್ ಮುಟ್ಟಲೇಬಾರದು. ಅವರ ಕೆಲಸ ಫೀಲ್ಡ್‌ನವರ ಜೊತೆ ಮಾತಾಡುವುದು, ರೆಕಾರ್ಡಿಂಗ್ ಬದಲಿಸುವುದು, ಎಸ್‌ಎಂಎಸ್ ಬಿಡುವುದು, ಗೋಡೆಯ ಬೋರ್ಡ್ ಮೇಲೆ ‘ಈಗ ಹೇಳಬೇಕಾದ್ದು’ ಅನ್ನುವ ಎರಡು ಸಾಲನ್ನು ಸಮಯ ಹಾಕಿ ಬರೆಯುವುದು. ಇದನ್ನು ಕೇಳಿದರೆ ಮಾಲೀಕರಿಗೆ ಕಸಿವಿಸಿಯಾಗುತ್ತದೆ, ಮೂವರೂ ಕರೆ ತೆಗೆಯಲಿ ಅನ್ನುತ್ತಾರೆ. ಲೆಕ್ಕ ಹಾಕಿ ತೋರಿಸಿ. ಮಾಹಿತಿ ಇಲ್ಲದೆ ಒಂದು ಕರೆ ಐದು ನಿಮಿಷ ಎಳೆದರೆ ಮೂವರು ಸೇರಿ ಗಂಟೆಗೆ 36 ಕರೆ. ಮಾಹಿತಿ ಕೈಯಲ್ಲಿದ್ದು ಕರೆ 75 ಸೆಕೆಂಡಿಗೆ ಮುಗಿದರೆ ಇಬ್ಬರೇ ಗಂಟೆಗೆ 96 ಕರೆ ಮುಗಿಸಬಹುದು.

ರೆಕಾರ್ಡಿಂಗ್ 15 ಸೆಕೆಂಡ್ ಮೀರಬಾರದು, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಬರುವುದಕ್ಕೂ ಮುಂಚೆ ಕೇಳಿಸಬೇಕು. ಊರಿನ ಹೆಸರು ಮೊದಲು ಬರಲಿ: ‘ಸುಂಟಿಕೊಪ್ಪ, ಮಾದಾಪುರ, ಮಕ್ಕಂದೂರು ಗ್ರಾಹಕರಿಗೆ. ಮರ ಬಿದ್ದು ಫೈಬರ್ ತುಂಡಾಗಿದೆ. ಕೆಲಸದವರು ಹೊರಟಿದ್ದಾರೆ. ಇದು ಮಧ್ಯಾಹ್ನ ಎರಡು ಗಂಟೆಯ ಮಾಹಿತಿ, ಮುಂದಿನದು ನಾಲ್ಕಕ್ಕೆ.’ ನಾಪೋಕ್ಲಿನವರು ಮೊದಲ ಮೂರು ಪದಕ್ಕೇ ತಮ್ಮದು ಬೇರೆ ತೊಂದರೆ ಎಂದು ತಿಳಿದುಕೊಳ್ಳುತ್ತಾರೆ. ಸಿದ್ದಾಪುರದ ಕಡೆ ಗ್ರಾಹಕರಿದ್ದರೆ ಮಲಯಾಳಂನಲ್ಲೂ ಒಂದು ರೆಕಾರ್ಡಿಂಗ್ ಇರಲಿ.

ಎಲ್ಲಕ್ಕಿಂತ ಮುಖ್ಯ: ‘ಇನ್ನೊಂದು ಗಂಟೆಯಲ್ಲಿ ಬರುತ್ತೆ’ ಎಂದು ಹೇಳಬೇಡಿ. ಕೇಳುವವರು ಎಷ್ಟೇ ಒತ್ತಾಯಿಸಿದರೂ ಹೇಳಬೇಡಿ. ಹೋಂಸ್ಟೇಯವರು ಆ ಮಾತನ್ನು ನಂಬಿ ಅತಿಥಿಗಳಿಗೆ ಹೇಳಿಬಿಡುತ್ತಾರೆ, ಮೀಟಿಂಗ್ ಇರುವವರು ಪೇಟೆಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಕಾಯುತ್ತಾರೆ. ದುರಸ್ತಿಯ ಸಮಯ ನಿಮ್ಮ ಕೈಯಲ್ಲಿಲ್ಲ. ಮುಂದಿನ ಮಾಹಿತಿ ಕೊಡುವ ಸಮಯ ನಿಮ್ಮ ಕೈಯಲ್ಲಿದೆ. ಅದನ್ನು ಹೇಳಿ, ಮತ್ತು ಹೊಸದೇನೂ ಇಲ್ಲದಿದ್ದರೂ ಆ ಹೊತ್ತಿಗೆ ಸರಿಯಾಗಿ ‘ಇನ್ನೂ ಮರ ತೆಗೆಯುತ್ತಿದ್ದಾರೆ, ಮುಂದಿನದು ಆರಕ್ಕೆ’ ಎಂದು ಕೊಡಿ. ನಾಲ್ಕಕ್ಕೆ ಎಂದವರು ನಾಲ್ಕಕ್ಕೇ ಹೇಳಿದರೆ ಮಧ್ಯೆ ಫೋನ್ ಮಾಡುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ಕರೆಯಲ್ಲಿ ಮಾತಿನ ಕ್ರಮ: ಅವರ ಊರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಏನಾಗಿದೆ ಎಂದು ಹೇಳಿ, ಈಗ ಯಾವ ಹಂತದಲ್ಲಿದೆ ಹೇಳಿ, ಮುಂದಿನ ಮಾಹಿತಿಯ ಹೊತ್ತು ಹೇಳಿ, ಡಾಕೆಟ್ (ದೂರಿನ) ನಂಬರ್ ಕೊಡಿ. ಒಂದೇ ದೊಡ್ಡ ಟಿಕೆಟ್ ತೆರೆದು ಎಲ್ಲರನ್ನೂ ಅದಕ್ಕೆ ಜೋಡಿಸಿದರೂ ಪ್ರತಿಯೊಬ್ಬರಿಗೂ ಅವರದೇ ನಂಬರ್ ಸಿಗಬೇಕು. ಬಿಲ್ ಕಡಿತ ಕೇಳುವಾಗ ಅವರಿಗೆ ಅದೇ ಆಧಾರ. ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕು: ‘ಮನೆಯ ಹತ್ತಿರ ತಂತಿ ಏನಾದರೂ ಕೆಳಗೆ ಬಿದ್ದಿದೆಯಾ?’ ಬಿದ್ದಿದ್ದರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ ಎನ್ನಿ. ನಮ್ಮ ಕೇಬಲ್ ಜೊತೆ ಸೆಸ್ಕ್‌ನ (ವಿದ್ಯುತ್ ಕಂಪನಿ) ಲೈನೂ ಬಿದ್ದಿರಬಹುದು. 1912ಕ್ಕೆ ತಿಳಿಸಲು ಹೇಳಿ. ಬರೆ (ಗುಡ್ಡದ ಅಂಚು) ಕುಸಿದಿದೆ, ದಾರಿ ಹೋಗಿದೆ ಎಂದರೆ ಜಿಲ್ಲಾ ಕಂಟ್ರೋಲ್ ರೂಮಿನ 1077. ಈ ನಂಬರ್‌ಗಳು ಬೋರ್ಡ್ ಮೇಲೇ ಇರಲಿ.

ಎಸ್‌ಎಂಎಸ್ ಬಗ್ಗೆ ಒಂದು ಎಚ್ಚರಿಕೆ. ನೆಟ್ ಹೋದ ದಿನ ಕೂತು ಬರೆದರೆ ಹೋಗುವುದಿಲ್ಲ. ಬಲ್ಕ್ ಎಸ್‌ಎಂಎಸ್‌ಗೆ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ಟೆಂಪ್ಲೇಟ್ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ನೋಂದಾಯಿಸಿದ್ದಕ್ಕಿಂತ ಬೇರೆ ಸಾಲು ಕಳಿಸಿದರೆ ದಾರಿಯಲ್ಲೇ ತಡೆಯುತ್ತಾರೆ. ಮೇ ತಿಂಗಳೊಳಗೆ ಮೂರು ಟೆಂಪ್ಲೇಟ್ ಮಾಡಿಸಿಡಿ: ಹೋಗಿದೆ, ಇನ್ನೂ ಕೆಲಸ ನಡೆದಿದೆ, ಸರಿಯಾಗಿದೆ. ಊರು ಮತ್ತು ಹೊತ್ತಿಗೆ ಮಾತ್ರ ಖಾಲಿ ಜಾಗ ಬಿಡಿ. ಒಂದು ಖಾಲಿ ಜಾಗದಲ್ಲಿ ಇಷ್ಟೇ ಅಕ್ಷರ ಎಂಬ ಮಿತಿ ಇದೆ, ಹಾಗಾಗಿ ಆರೇಳು ಊರಿನ ಹೆಸರು ತುರುಕಲಾಗದು. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಒತ್ತು, ಗುಣಿತ, ಅರ್ಧಾಕ್ಷರ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಮಡಿಕೇರಿ-ಸುಂಟಿಕೊಪ್ಪ ಫೈಬರ್ ತುಂಡಾಗಿದೆ. ದುರಸ್ತಿ ನಡೆದಿದೆ. ಮುಂದಿನ ಮಾಹಿತಿ 5ಕ್ಕೆ.’ ಇಷ್ಟಕ್ಕೇ 73 ಆಯಿತು. ಸಂಸ್ಥೆಯ ಹೆಸರೂ ಸೇರಬೇಕಾದ್ದರಿಂದ ಎರಡು ಎಸ್‌ಎಂಎಸ್ ಲೆಕ್ಕದಲ್ಲೇ, ಅಂದರೆ 134 ಅಕ್ಷರದೊಳಗೆ ಬರೆಯಿರಿ. ಇಂಗ್ಲಿಷ್‌ನಲ್ಲಿ ಕಳಿಸಿದರೆ ಅಗ್ಗ ನಿಜ, ಆದರೆ ತೋಟದ ಮನೆಯ ಹಿರಿಯರು ಓದುವುದು ಕನ್ನಡವನ್ನೇ. ನನ್ನ ಮತ ಕನ್ನಡಕ್ಕೆ. ವಾಟ್ಸಾಪ್ ಗ್ರೂಪನ್ನು ಮಾತ್ರ ನಂಬಿ ಕೂರಬೇಡಿ, ಮನೆಯ ವೈಫೈ ಬಿಟ್ಟರೆ ಸಿಗ್ನಲ್ಲೇ ಇಲ್ಲದ ತೋಟಗಳು ನಮ್ಮಲ್ಲಿ ಎಷ್ಟೋ ಇವೆ.

ಮಡಿಕೇರಿ_ಡೆಸ್ಕ್

ತುಂಬಾ ಉಪಕಾರವಾಯಿತು. ಡೈಯಿಂಗ್ ಗ್ಯಾಸ್ಪ್ ಕಾಲಂ ನಮ್ಮ ಸ್ಕ್ರೀನಲ್ಲೂ ಇದೆ, ಅದನ್ನು ಯಾರೂ ಓದುತ್ತಿರಲಿಲ್ಲ. ಇನ್ನು ಎರಡು ವಿಷಯ. ‘ಒಂದು ಕೇಬಲ್ ಜೋಡಿಸಲು ಇಷ್ಟು ಹೊತ್ತು ಯಾಕೆ’ ಎಂದು ಕೇಳುತ್ತಾರೆ. ‘ಪಕ್ಕದ ಮನೆಗೆ ಬಂದಿದೆ, ನಮಗೆ ಯಾಕೆ ಬಂದಿಲ್ಲ’ ಎಂದೂ ಕೇಳುತ್ತಾರೆ. ಇವೆರಡಕ್ಕೆ ಹುಡುಗರು ಏನು ಹೇಳಬೇಕು?

ಸ್ಪ್ಲೈಸರ್_ಸೋಮವಾರಪೇಟೆ

ಅಣ್ಣಾ, ಇದನ್ನು ಸಪೋರ್ಟ್‌ನವರು ತಿಳಿದುಕೊಂಡರೆ ನಮಗೂ ಎಷ್ಟೋ ಅನುಕೂಲ. ಕಂಬದ ಮೇಲಿರುವವನಿಗೆ ಹತ್ತು ನಿಮಿಷಕ್ಕೊಮ್ಮೆ ‘ಆಯ್ತಾ’ ಎಂದು ಫೋನ್ ಬರುವುದು ನಿಲ್ಲುತ್ತದೆ.

ಮೊದಲು ಜಾಗ ಹುಡುಕಬೇಕು. ಓಟಿಡಿಆರ್ (ಬೆಳಕು ಬಿಟ್ಟು ತುಂಡಾದ ಜಾಗದ ದೂರ ಅಳೆಯುವ ಯಂತ್ರ) ಹಾಕಿದರೆ ‘11.4 ಕಿ.ಮೀ.’ ಎಂದು ತೋರಿಸುತ್ತದೆ. ಅದು ಫೈಬರಿನ ಉದ್ದ, ರಸ್ತೆಯ ಉದ್ದ ಅಲ್ಲ. ಕೇಬಲ್ ಒಳಗೆ ಫೈಬರ್ ಸ್ವಲ್ಪ ಸಡಿಲವಾಗಿ ಸುತ್ತಿಕೊಂಡಿರುತ್ತದೆ, ಜೊತೆಗೆ ಕಂಬಗಳಲ್ಲಿ ಮುಂದೆ ಬೇಕಾಗುತ್ತದೆಂದು ಸುತ್ತಿಟ್ಟ ಲೂಪ್‌ಗಳಿರುತ್ತವೆ. ಬೈಕಿನ ಮೀಟರ್ ನೋಡಿಕೊಂಡು ಹೋದರೆ ತುಂಡಾದ ಜಾಗವನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ಎರಡೂ ತುದಿಯಿಂದ ಅಳೆದರೆ ಒಳ್ಳೆಯದು, ಒಂದೇ ಗಾಳಿಗೆ ಎರಡು ಕಡೆ ತುಂಡಾಗಿರುವುದೂ ಆಗ ಗೊತ್ತಾಗುತ್ತದೆ. ಒಂದು ಕಡೆಯಿಂದ ಅಳೆದಾಗ ಮೊದಲನೆಯದು ಮಾತ್ರ ಕಾಣುತ್ತದೆ. ‘ಜೋಡಿಸಿದರು, ಆದರೂ ಬರಲಿಲ್ಲ’ ಅನ್ನುವ ಪರಿಸ್ಥಿತಿ ಹೆಚ್ಚಾಗಿ ಬರುವುದು ಇದರಿಂದ.

ಜಾಗ ಸಿಕ್ಕಿತು ಎಂದುಕೊಳ್ಳಿ. ಸಿಲ್ವರ್ ಓಕ್ ಬಿದ್ದು ವಿದ್ಯುತ್ ಕಂಬವೇ ವಾಲಿದ್ದರೆ ಸೆಸ್ಕ್‌ನವರು ಲೈನ್ ಕ್ಲಿಯರ್ (ಕರೆಂಟ್ ತೆಗೆದಿದ್ದೇವೆ ಎಂಬ ಒಪ್ಪಿಗೆ) ಕೊಡುವವರೆಗೆ ನಾವು ಏಣಿ ಇಡುವಂತಿಲ್ಲ. ಅವರೂ ಆ ದಿನ ಊರೂರು ಸುತ್ತುತ್ತಿರುತ್ತಾರೆ. ಇದಕ್ಕೆ ಅರ್ಧ ಗಂಟೆಯೂ ಆಗಬಹುದು, ಅರ್ಧ ದಿನವೂ ಆಗಬಹುದು. ಸಮಯ ಹೇಳಬೇಡಿ ಎಂದು ಮೇಲೆ ಬರೆದದ್ದು ಅದಕ್ಕೇ ಸರಿ.

ಆಮೇಲೆ ಜೋಡಣೆ. ಲೂಪ್‌ನಲ್ಲಿ ಸಾಕಷ್ಟು ಕೇಬಲ್ ಉಳಿದಿದ್ದರೆ ಎರಡೂ ತುದಿ ಎಳೆದು ಒಂದೇ ಜಾಯಿಂಟ್‌ನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ನಡುವೆ ಹೊಸ ತುಂಡು ಹಾಕಬೇಕು, ಆಗ ಎರಡು ಜಾಯಿಂಟ್, ಸಮಯವೂ ಎರಡರಷ್ಟು. ಪ್ರತಿ ಕೋರ್‌ಗೂ (ಕೇಬಲ್ ಒಳಗಿನ ಒಂದೊಂದು ಎಳೆ) ಕೋಟಿಂಗ್ ತೆಗೆದು, ಐಪಿಎ (ಒರೆಸುವ ಸ್ಪಿರಿಟ್) ಹಾಕಿ ಒರೆಸಿ, ಕ್ಲೀವರ್‌ನಲ್ಲಿ ಕತ್ತರಿಸಿ, ಮೆಷಿನ್‌ನಲ್ಲಿ ಕರಗಿಸಿ ಕೂಡಿಸಿ, ಸ್ಲೀವ್ ಬಿಸಿ ಮಾಡಬೇಕು. ಕೈ ಪಳಗಿದವರಿಗೂ ಕೋರ್‌ಗೆ ಎರಡು ಮೂರು ನಿಮಿಷ. 24 ಕೋರ್‌ಗೆ ಸುಮಾರು ಒಂದು ಗಂಟೆ. ಕೇಬಲ್ ಸುಲಿದು ಜೆಲ್ಲಿ ಒರೆಸುವುದು, ಕೊನೆಗೆ ಕ್ಲೋಷರ್ (ಜಾಯಿಂಟ್ ಇಡುವ ಪೆಟ್ಟಿಗೆ) ಮುಚ್ಚಿ ಕಂಬಕ್ಕೆ ಕಟ್ಟುವುದು ಸೇರಿ ಇನ್ನೊಂದು ಅರ್ಧ ಮುಕ್ಕಾಲು ಗಂಟೆ. ಮಳೆಯಲ್ಲಿ ಟಾರ್ಪಲ್ ಕಟ್ಟಿಕೊಂಡೇ ಮಾಡಬೇಕು. ನೀರಿನ ಹನಿ, ಮಂಜಿನ ತೇವ ಕೂತರೆ ಮೆಷಿನ್ ಜೋಡಣೆಯನ್ನು ಒಪ್ಪುವುದಿಲ್ಲ, ಒಪ್ಪಿದರೂ ಬೆಳಕಿನ ನಷ್ಟ 0.1 ಡಿಬಿ ದಾಟಿಬಿಡುತ್ತದೆ, ಮತ್ತೆ ಕತ್ತರಿಸಿ ಮೊದಲಿಂದ ಶುರು ಮಾಡಬೇಕು. ತಿತಿಮತಿ, ಸಿದ್ದಾಪುರ ಕಡೆ ಸಂಜೆಯಾದ ಮೇಲೆ ಆನೆ ಇರುವ ತೋಟದಂಚಿಗೆ ಯಾರನ್ನೂ ಕಳಿಸಬಾರದು. ‘ಬೆಳಕಾದ ಮೇಲೆ ಕೆಲಸ ಶುರು’ ಎಂದು ನೇರವಾಗಿ ಹೇಳಿ, ನಮ್ಮ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಪಕ್ಕದ ಮನೆಯ ಪ್ರಶ್ನೆಗೆ: ನಾವು ಕೋರ್‌ಗಳನ್ನು ಒಂದೊಂದಾಗಿ ಜೋಡಿಸುತ್ತೇವೆ. ಅಪ್‌ಲಿಂಕ್ ಹೋಗುವ ಜೋಡಿ ಮೊದಲು, ಆಮೇಲೆ ಹೆಚ್ಚು ಮನೆಗಳಿರುವ ಫೀಡರ್. ಹೀಗಾಗಿ ಒಂದೇ ಬೀದಿಯ ಎರಡು ಮನೆ ಬೇರೆ ಬೇರೆ ಕೋರ್‌ನಲ್ಲಿದ್ದರೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ. ‘ನಿಮ್ಮದು ಬೇರೆ ಎಳೆ, ಸಾಲಿನಲ್ಲಿದೆ’ ಎಂದರೆ ಸಾಕು.

ಕರೆ_ಕೋಣೆ

ಇದು ಬಹಳ ಉಪಯೋಗದ ಮಾತು. ಹಾಗಾದರೆ ಗ್ರಾಹಕರಿಗೆ ಹಂತ ಹೇಳುವಾಗ ಐದು ಹೆಸರು ಇಟ್ಟುಕೊಳ್ಳಬಹುದು: ಜಾಗ ಹುಡುಕುತ್ತಿದ್ದಾರೆ, ಲೈನ್ ಕ್ಲಿಯರ್‌ಗೆ ಕಾಯುತ್ತಿದ್ದಾರೆ, ಕೇಬಲ್ ಎಳೆಯುತ್ತಿದ್ದಾರೆ, ಜೋಡಿಸುತ್ತಿದ್ದಾರೆ, ಪರೀಕ್ಷೆ ನಡೆದಿದೆ. ಫೀಲ್ಡ್‌ನವರು ಹಂತ ಬದಲಾದಾಗ ಒಂದು ಮಿಸ್ಡ್ ಕಾಲ್ ಕೊಟ್ಟರೂ ಆಯಿತು. ಲೈನ್ ಬಂದ ಮೇಲೆ ಎಲ್ಲ ಟಿಕೆಟ್‌ಗಳನ್ನೂ ಒಟ್ಟಿಗೆ ಮುಚ್ಚಿಬಿಡಬಹುದು.

ನಾಕ್_ಗೋಣಿಕೊಪ್ಪ

ಐದು ಹಂತ ಚೆನ್ನಾಗಿದೆ. ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಟ್ಟಿಗೆ ಮುಚ್ಚಬೇಡಿ. ಅದೇ ಗಾಳಿಗೆ ಕೆಲವರ ಡ್ರಾಪ್ ಕೇಬಲ್ಲೂ ತುಂಡಾಗಿರುತ್ತದೆ, ಮೇನ್ ಹೋಗಿರುವಾಗ ಅದು ಕಾಣುವುದಿಲ್ಲ. ಟಿಕೆಟ್ ಮುಚ್ಚಿದ ಮೇಲೆ ಅವರು ಮತ್ತೆ ಕರೆ ಮಾಡಿ ಮೊದಲಿಂದ ಕಥೆ ಹೇಳಬೇಕು. ತುಂಡಾಗುವ ಮುಂಚೆ ಆನ್‌ಲೈನ್ ಇದ್ದ ಓಎನ್‌ಟಿಗಳ ಪಟ್ಟಿ ಮತ್ತು ಲೈನ್ ಬಂದು 30 ನಿಮಿಷದ ನಂತರದ ಪಟ್ಟಿ ಎರಡನ್ನೂ ಎಕ್ಸೆಲ್‌ನಲ್ಲಿ ಹೋಲಿಸಿ. ಬಾರದೆ ಉಳಿದವುಗಳಲ್ಲಿ ಕೊನೆಯದಾಗಿ ಗ್ಯಾಸ್ಪ್ ತೋರಿಸಿದ್ದು ಕರೆಂಟಿನದು. ಮಿಕ್ಕವಕ್ಕೆ ಬೇರೆ ಟಿಕೆಟ್ ತೆರೆದು ನೀವೇ ಫೋನ್ ಮಾಡಿ.

ಬಂದವುಗಳಲ್ಲೂ ಸಿಗ್ನಲ್ ಮಟ್ಟ ನೋಡಿ (ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಮೈನಸ್ 21 ಡಿಬಿಎಂ ಇದ್ದ ಮನೆಗಳೆಲ್ಲ ಮೈನಸ್ 25ಕ್ಕೆ ಇಳಿದಿದ್ದರೆ ಜಾಯಿಂಟ್ ಕೆಟ್ಟಿದೆ ಅಥವಾ ಕ್ಲೋಷರ್ ಒಳಗೆ ಫೈಬರ್ ಬಾಗಿದೆ. ಬಿ ಪ್ಲಸ್ ದರ್ಜೆಯಲ್ಲಿ (ಬೆಳಕಿನ ಶಕ್ತಿಯ ಒಂದು ವರ್ಗ) ಓಎನ್‌ಟಿಯ ಮಿತಿ ಮೈನಸ್ 27. ಇವತ್ತು ಓಡುತ್ತದೆ, ಮುಂದಿನ ಮಳೆಗೆ ನಿಲ್ಲುತ್ತದೆ. ಕ್ಲೋಷರ್ ಕಂಬಕ್ಕೆ ಏರಿಸುವ ಮುಂಚೆಯೇ ಈ ಸಂಖ್ಯೆಯನ್ನು ಸ್ಪ್ಲೈಸರ್‌ಗೆ ಹೇಳಿದರೆ ಅಲ್ಲೇ ಸರಿಮಾಡುತ್ತಾರೆ.

ಇನ್ನೊಂದು: ಲೈನ್ ಬಂದ ಕೂಡಲೇ ಎಲ್ಲ ರೂಟರ್‌ಗಳೂ ಒಟ್ಟಿಗೆ ಪಿಪಿಪಿಓಇ (ಗ್ರಾಹಕರ ಹೆಸರು, ಪಾಸ್‌ವರ್ಡಿನ) ಲಾಗಿನ್ ಕೇಳುತ್ತವೆ, ಅದನ್ನು ಪರಿಶೀಲಿಸುವ ರೇಡಿಯಸ್ ಸರ್ವರ್ ತಿಣುಕುತ್ತದೆ. ಆ ಹತ್ತು ನಿಮಿಷದಲ್ಲಿ ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳಿದರೆ ಸಾಲಿನ ಹಿಂದಕ್ಕೆ ಹೋದ ಹಾಗಾಗುತ್ತದೆ. ‘ಹಾಗೇ ಬಿಡಿ, ತಾನಾಗಿ ಬರುತ್ತದೆ’ ಎನ್ನಿ. 20 ನಿಮಿಷ ಕಳೆದೂ ಬಾರದಿದ್ದರೆ ಮಾತ್ರ ಒಂದು ಸಲ ಆಫ್ ಮಾಡಿಸಿ.

ಸರ್ವರ್_ಕುಶಾಲನಗರ

ಒಂದನ್ನು ಯಾರೂ ಬರೆದಿಲ್ಲ. ಸಪೋರ್ಟ್ ರೂಮಿನ ನೆಟ್ಟೂ ಅದೇ ಕೇಬಲ್ ಮೇಲೆ ಇದ್ದರೆ ನಿಮ್ಮ ಸಾಫ್ಟ್‌ಫೋನ್ (ಕಂಪ್ಯೂಟರಿನಲ್ಲಿ ಓಡುವ ಫೋನ್), ಟಿಕೆಟ್ ಪುಟ, ಗ್ರಾಹಕರ ಪಟ್ಟಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಕರೆಗಳನ್ನು ಮೊಬೈಲ್‌ಗೆ ತಿರುಗಿಸುವ ಏರ್ಪಾಡು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಉಪಯೋಗವಿಲ್ಲ, ನಂಬರ್ ಕೊಟ್ಟ ಕಂಪನಿಯ ಕಡೆಯಲ್ಲೇ ಇರಬೇಕು. ಪಾನ್ ಪೋರ್ಟ್‌ವಾರು ಗ್ರಾಹಕರ ಹೆಸರು, ಊರು, ಫೋನ್ ಪಟ್ಟಿಯನ್ನು ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡಿ, ಹಳೆಯದನ್ನು ಹರಿದು ಹಾಕಿ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರುವ ಒಂದು 4ಜಿ ರೂಟರ್ ಇರಲಿ.

ಎರಡನೇ ಅಪ್‌ಲಿಂಕ್ ತೆಗೆದುಕೊಳ್ಳುವಾಗ ಕಂಪನಿ ಬೇರೆ ಎಂದು ನಂಬಿ ಸುಮ್ಮನಾಗಬೇಡಿ, ದಾರಿ ಬೇರೆಯೇ ಎಂದು ಕಂಬ ನೋಡಿ ಖಚಿತ ಮಾಡಿಕೊಳ್ಳಿ. ಇಬ್ಬರ ಕೇಬಲ್ಲೂ ಸುಂಟಿಕೊಪ್ಪ ರಸ್ತೆಯ ಒಂದೇ ಕಂಬದ ಮೇಲಿದ್ದರೆ ಒಂದು ಮರಕ್ಕೆ ಎರಡೂ ಹೋದವು. ಒಂದು ಕುಶಾಲನಗರದ ಕಡೆಯಿಂದ ಬಂದರೆ ಇನ್ನೊಂದು ವಿರಾಜಪೇಟೆ, ಗೋಣಿಕೊಪ್ಪ, ಹುಣಸೂರು ದಾರಿಯಲ್ಲಿ ಬರಲಿ. ಸಂಪಾಜೆ ಘಾಟಿಯ ದಾರಿ ಮೂರನೆಯದಾಗಿ ಇರಬಹುದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಆ ಹೆದ್ದಾರಿಯೇ ಕಡಿದುಹೋಗಿತ್ತು, ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಮಡಿಕೇರಿ_ಡೆಸ್ಕ್

ಕೊನೆಯದಾಗಿ ಎರಡು. ಬಿಲ್ ಕಡಿತ ಕೇಳಿದರೆ ಏನು ಹೇಳಬೇಕು? ಕರೆಂಟ್ ಹೋದರೂ ನೆಟ್ ಬೇಕು ಅನ್ನುವವರಿಗೆ ಯಾವ ಮಿನಿ ಯುಪಿಎಸ್ ಹೇಳಬಹುದು?

ಕರೆ_ಕೋಣೆ

2024ರ ಅಕ್ಟೋಬರ್ 1ರಿಂದ ಜಾರಿಯಾದ ಟ್ರಾಯ್‌ನ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಸೇವಾ ಗುಣಮಟ್ಟದ ನಿಯಮದಲ್ಲಿ ಇದಕ್ಕೆ ದಾರಿ ಇದೆ. ಜಿಲ್ಲಾ ಮಟ್ಟದಲ್ಲಿ ದೊಡ್ಡ ವ್ಯತ್ಯಯ ನಾಲ್ಕು ಗಂಟೆ ದಾಟಿದರೆ ಕಂಪನಿ 24 ಗಂಟೆಯೊಳಗೆ ಟ್ರಾಯ್‌ಗೆ ತಿಳಿಸಬೇಕು. ಅದು 24 ಗಂಟೆ ದಾಟಿದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ನೈಸರ್ಗಿಕ ವಿಕೋಪದಿಂದ ಆದದ್ದಕ್ಕೆ ವಿನಾಯಿತಿ ಇದೆ. ಹಾಗಾಗಿ ಕರೆಯಲ್ಲಿ ಕೂತವರು ‘ಕೊಡುತ್ತೇವೆ’ ಎಂದೂ ‘ಕೊಡುವುದಿಲ್ಲ’ ಎಂದೂ ತೀರ್ಪು ಕೊಡಬಾರದು. ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಓಎಲ್‌ಟಿ ಲಾಗ್‌ನಿಂದ ತೆಗೆದು ಟಿಕೆಟ್‌ನಲ್ಲಿ ಬರೆದು ಬಿಲ್ಲಿಂಗ್‌ಗೆ ಕಳಿಸಿ. ಉತ್ತರ ಸರಿ ಕಾಣದಿದ್ದರೆ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದೆಂದು ಗ್ರಾಹಕರಿಗೆ ನೀವೇ ತಿಳಿಸಿ. ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಏನೇ ಇರಲಿ, ಎರಡು ದಿನ ನೆಟ್ ಇಲ್ಲದವರಿಗೆ ಎರಡು ದಿನ ಸೇರಿಸಿ ಕೊಡುವುದೇ ಸರಿ.

ಹೋಂಸ್ಟೇ, ಅಂಗಡಿಯವರು ‘ಪೇಮೆಂಟ್ ಹೇಗೆ’ ಎಂದು ಕೇಳಿದರೆ: ಗೋಡೆಯ ಕ್ಯೂಆರ್‌ಗೆ ಅವರ ವೈಫೈ ಬೇಡ, ಕೊಡುವವರ ಮೊಬೈಲ್ ಡೇಟಾ ಸಾಕು. ಡೇಟಾ ಇಲ್ಲದೆ ಬರೀ ಕರೆಯ ಸಿಗ್ನಲ್ ಇದ್ದರೆ, ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನಿಂದ *99# ಒತ್ತಿಯೂ ಯುಪಿಐ ಮಾಡಬಹುದು.

ನಾಕ್_ಗೋಣಿಕೊಪ್ಪ

ಯುಪಿಎಸ್ ಲೆಕ್ಕ ನಾನು ಹೇಳುತ್ತೇನೆ. ನಡುವಿನ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಓಎಲ್‌ಟಿಗೆ ಬ್ಯಾಟರಿ ಇದ್ದರೆ ಮನೆಯ ಪೆಟ್ಟಿಗೆಯೊಂದಕ್ಕೆ ಕರೆಂಟ್ ಸಿಕ್ಕರೆ ನೆಟ್ ಓಡುತ್ತದೆ. ಮೊದಲು ಓಎನ್‌ಟಿಯ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ ಬೇರೆಯೋ ಓದಿಸಿ. ಪಿನ್ ಸರಿಹೊಂದಿತು ಎಂದು ಬೇರೆ ವೋಲ್ಟಿನ ಯುಪಿಎಸ್ ಚುಚ್ಚಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ವೈಫೈ ಸೇರಿದ ಓಎನ್‌ಟಿ ಸುಮಾರು 10 ವ್ಯಾಟ್ ಎಳೆಯುತ್ತದೆ ಎಂದು ಹಿಡಿಯಿರಿ. ನಾಲ್ಕು ಗಂಟೆಗೆ 40 ವ್ಯಾಟ್ ಅವರ್, ಪರಿವರ್ತನೆಯ ನಷ್ಟ ಸೇರಿ 50. ಡಬ್ಬದ ಮೇಲೆ ಬರೆದ ಎಂಎಎಚ್ ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಅಂದರೆ ಕಡಿಮೆಯೆಂದರೂ 13,500 ಎಂಎಎಚ್ ಬೇಕು. 8,000ದ ಡಬ್ಬ ಕೊಂಡವರಿಗೆ ಎರಡೂವರೆ ಗಂಟೆ ಹತ್ತಿರ ಬರಬಹುದು. ಓಎನ್‌ಟಿ ಬೇರೆ, ರೂಟರ್ ಬೇರೆ ಇರುವ ಮನೆಯಲ್ಲಿ ಎರಡು ಔಟ್‌ಪುಟ್ ಇರುವುದನ್ನೇ ತೆಗೆದುಕೊಳ್ಳಲು ಹೇಳಿ, ಲೆಕ್ಕವನ್ನೂ ಎರಡಕ್ಕೂ ಸೇರಿಸಿ ಹಾಕಿ.